ಕಿಣ್ವ ನಾರ್ಮಲ್, ಆದರೂ ಲೈಸೊಸೋಮ್ ಕಾಯಿಲೆ ಅಂತಾರೆ. ಲ್ಯಾಂಪ್2 ಬಗ್ಗೆ ತಿಳಿದವರು ಹೇಳಿ

ಹೇಮಾವತಿ_ದಂಡೆ:
ಅಕ್ಕನ ಮಗನಿಗೆ ಹದಿನಾರು. ಮಹಡಿ ಹತ್ತಿದರೆ ಏದುಸಿರು ಬರ್ತಿತ್ತು ಅಂತ ತೋರಿಸಿದೆವು. ಎಕೋದಲ್ಲಿ ಹೃದಯದ ಗೋಡೆ ದಪ್ಪ, ಇಸಿಜಿಯಲ್ಲಿ ಡಬ್ಲ್ಯುಪಿಡಬ್ಲ್ಯು (ಹೃದಯದ ವಿದ್ಯುತ್ ಅಡ್ಡದಾರಿ ಹಿಡಿಯೋ ತೊಂದರೆ), ರಕ್ತದಲ್ಲಿ ಸಿಕೆ (ಸ್ನಾಯುವಿಗೆ ಹಾನಿಯಾದಾಗ ಏರುವಂಥದ್ದು) ಜಾಸ್ತಿ. ಪಾಂಪೆ, ಅಂದ್ರೆ ಒಂದು ಕಿಣ್ವದ ಕೊರತೆಯಿಂದ ಗ್ಲೈಕೊಜನ್ ಅನ್ನೋ ಸಕ್ಕರೆ ದಾಸ್ತಾನು ಕೋಶದಲ್ಲಿ ತುಂಬೋ ಕಾಯಿಲೆ ಇರಬಹುದು ಅಂದ್ರು, ಅದರ ಕಿಣ್ವ ನಾರ್ಮಲ್ ಬಂತು. ಈಗ ಜೀನ್ ಟೆಸ್ಟಲ್ಲಿ ಲ್ಯಾಂಪ್2 ದೋಷ, ಡ್ಯಾನನ್ ಕಾಯಿಲೆ ಅಂತ ಬಂದಿದೆ. ಕಿಣ್ವ ಸರಿಯಿದ್ದ ಮೇಲೆ ಕೆಟ್ಟಿದ್ದೇನು? ಪಾಂಪೆಗೆ ಕಿಣ್ವದ ಡ್ರಿಪ್ ಕೊಡ್ತಾರಂತೆ, ಇದಕ್ಕೆ ಯಾಕಿಲ್ಲ?

ಸ್ನಾಯು_ಸ್ಲೈಡು:
ಮೇಡಂ, ನಾನು ಸ್ನಾಯು ಬಯಾಪ್ಸಿ ನೋಡುವ ಪೆಥಾಲಜಿಸ್ಟ್. ಕೆಟ್ಟಿರುವುದು ಲೈಸೊಸೋಮಿನ, ಅಂದರೆ ಜೀವಕೋಶದೊಳಗೆ ಕಸ ಕರಗಿಸುವ ಪುಟ್ಟ ಘಟಕದ ಪೊರೆ. ಸವೆದ ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ಕೊಡುವ ಭಾಗ), ಗ್ಲೈಕೊಜನ್ ಇಂಥವನ್ನು ಜೀವಕೋಶ ಪುಟ್ಟ ಚೀಲದಲ್ಲಿ ಕಟ್ಟಿ ಲೈಸೊಸೋಮಿಗೆ ಒಯ್ಯುತ್ತದೆ. ಆಟೊಫೇಜಿ ಅಂದರೆ ಇದೇ. ಚೀಲದ ಪೊರೆ, ಲೈಸೊಸೋಮಿನ ಪೊರೆ ಬೆಸೆದುಕೊಂಡರಷ್ಟೇ ಒಳಗಿನ ಕಿಣ್ವಕ್ಕೆ ಕೆಲಸ. ಹೃದಯದ ಕೋಶಗಳಲ್ಲಿ ಆ ಬೆಸುಗೆಗೆ ಲ್ಯಾಂಪ್2 ಜೀನಿನಿಂದ ತಯಾರಾಗುವ ಲ್ಯಾಂಪ್-2 ಪ್ರೋಟೀನಿನ ಒಂದು ರೂಪ, ಲ್ಯಾಂಪ್-2ಬಿ ಬೇಕು. ಅದಿಲ್ಲದೆ ಚೀಲಗಳು ಕರಗದೆ ಗುಡ್ಡೆ ಬೀಳುತ್ತವೆ.

ಸ್ಲೈಡಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಗುಲಾಬಿ ಬಣ್ಣದ ಸ್ನಾಯು ಎಳೆಯೊಳಗೆ ನೀಲಿ ಚುಕ್ಕೆ ಚೆಲ್ಲಿದ ಹಾಗಿರುತ್ತದೆ, ಲೆನ್ಸ್ ಏರಿಸಿದರೆ ಪುಟ್ಟ ಪುಟ್ಟ ಗುಳಿಗಳು. ಲ್ಯಾಂಪ್-2 ಇರುವಲ್ಲಿ ಅಂಟಿ ಬಣ್ಣ ತೋರಿಸುವ ಆಂಟಿಬಾಡಿ ಹಾಕಿದರೆ ಈ ಹುಡುಗರ ಸ್ನಾಯುವಿಗೆ ಸಾಮಾನ್ಯವಾಗಿ ಬಣ್ಣವೇ ಹತ್ತುವುದಿಲ್ಲ. 1981ರಲ್ಲಿ ಡ್ಯಾನನ್ ತಂಡದವರೂ ಇದನ್ನು ಆಸಿಡ್ ಮಾಲ್ಟೇಸ್ (ಪಾಂಪೆಯಲ್ಲಿ ಕೊರತೆಯಾಗುವ ಕಿಣ್ವ) ನಾರ್ಮಲ್ ಇರುವ ಗ್ಲೈಕೊಜನ್ ಕಾಯಿಲೆ ಅಂತಲೇ ಬರೆದಿದ್ದರು. ತಪ್ಪಿರುವುದು ಲ್ಯಾಂಪ್2 ಜೀನ್ ಅಂತ ಗೊತ್ತಾಗಿದ್ದು 2000ದಲ್ಲಿ.

ಡ್ರಿಪ್ ವಿಷಯ. ಪಾಂಪೆಯ ಕಿಣ್ವ ಕರಗುವಂಥದು. ಅದರ ಮೇಲಿನ ಮ್ಯಾನೋಸ್-6-ಫಾಸ್ಫೇಟ್ ಗುರುತು ಹಿಡಿದು ಕೋಶ ರಕ್ತದಿಂದ ಎಳೆದುಕೊಳ್ಳುತ್ತದೆ, ಅದು ಲೈಸೊಸೋಮಿನ ಒಳಗೆ ಸೇರುತ್ತದೆ. ಲ್ಯಾಂಪ್-2 ಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನು. ಕೋಶವೇ ತಯಾರಿಸಿ ಅಲ್ಲಿ ಕೂರಿಸಬೇಕು, ಹೊರಗಿಂದ ಸುರಿದರೆ ಆಗದು. ಅದಕ್ಕೇ ಜೀನ್ ಸಾಗಿಸಲು ಬಳಸುವ ಎಎವಿ9 ಎಂಬ ವೈರಸ್ಸಿನಲ್ಲಿಟ್ಟು ಜೀನನ್ನೇ ಕೊಡುವ ಪ್ರಯೋಗಗಳು ನಡೆದಿವೆ. ಅದನ್ನು ನಂಬಿ ಕಾಯಬೇಡಿ. ಹೃದಯದ ಲಯ ನೋಡುವ ತಜ್ಞರನ್ನೂ ಹೃದಯ ಕಸಿ ತಂಡವನ್ನೂ ಈಗಲೇ ಕಾಣಿ. ಗಂಡುಮಕ್ಕಳಲ್ಲಿ ಇದು ಬೇಗ ಬಿಗಡಾಯಿಸುತ್ತದೆ.

ಜೀನ್_ಸಲಹೆ:
ಅಕ್ಕನಿಗೆ ಎಕೋ, ಇಸಿಜಿ ಆಯ್ತಾ? ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಂಗಸರಲ್ಲಿ ತಡವಾಗಿ ಶುರುವಾಗುತ್ತದೆ, ಆದರೆ ಹೃದಯ ದುರ್ಬಲವಾಗುವುದುಂಟು. ‘ಬರೀ ಕ್ಯಾರಿಯರ್’, ಅಂದರೆ ದೋಷ ಹೊತ್ತವರಷ್ಟೇ, ತೊಂದರೆ ಬರದು ಅಂತ ಯಾರಾದರೂ ಅಂದರೆ ಒಪ್ಪಬೇಡಿ.

ಹೇಮಾವತಿ_ದಂಡೆ:
ಇಲ್ಲ ಸರ್, ಯಾರೂ ಹೇಳಲೇ ಇಲ್ಲ. ಅವಳಿಗೆ ಎದೆ ಡವಡವ ಅನ್ನೋದು ಇದ್ದೇ ಇದೆ, ಮಗನ ಚಿಂತೆಗೆ ಅಂತ ಸುಮ್ಮನಿದ್ದಳು. ನಾನೂ ಮಾಡಿಸಬೇಕಾ?

ಜೀನ್_ಸಲಹೆ:
ಮೊದಲು ಅಕ್ಕನಿಗೆ, ಈ ವಾರವೇ. ಅವರಲ್ಲೂ ಜೀನ್ ದೋಷ ಸಿಕ್ಕರೆ ನಿಮಗೂ ನಿಮ್ಮ ತಾಯಿಗೂ ಅದೇ ಜೀನ್ ಟೆಸ್ಟ್ ಬೇಕು. ಹುಡುಗನ ರಿಪೋರ್ಟ್ ಜೊತೆಗೆ ಒಯ್ಯಿರಿ. ಆ ಒಂದು ಬದಲಾವಣೆಯನ್ನಷ್ಟೇ ಹುಡುಕಿದರೆ ಸಾಕು, ಖರ್ಚೂ ಕಡಿಮೆ.