ಹಾಲಿಗೆ ಅರಿಸಿನ, ಅರಿಸಿನಕ್ಕೆ ಸಿಗಡಿ

‘ಹಳೇ ಮನೆ ಬಳಗ’ ಗುಂಪು, ಭಾನುವಾರ

ಸುಮಾ ಚಿಕ್ಕಮ್ಮ, 6:12: (ಹಲವು ಬಾರಿ ಫಾರ್ವರ್ಡ್ ಆಗಿದೆ) ನೀವು ತಿನ್ನುವ ಅರಿಸಿನ ದೇಹಕ್ಕೆ ಸೇರುವುದೇ ಇಲ್ಲ! ಲೇಪನವುಳ್ಳ, ಅತಿಸೂಕ್ಷ್ಮವಾದ ನ್ಯಾನೋ ಕಣಗಳಲ್ಲಿ ತುಂಬಿದ ಕರ್ಕ್ಯುಮಿನ್ (ಅರಿಸಿನದ ಸತ್ವ) ಈಗ ಬಂದಿದ್ದು, ಅದು ಶೇಕಡಾ 2000ರಷ್ಟು ಹೆಚ್ಚಾಗಿ ರಕ್ತಕ್ಕೆ ಇಳಿಯುತ್ತದೆ. ಮಂಡಿನೋವು ಇರುವವರಿಗೆಲ್ಲ ತಪ್ಪದೆ ಕಳುಹಿಸಿ.

ದೊಡ್ಡಪ್ಪ, 6:30: ಎಲ್ಲರಿಗೂ ಶುಭೋದಯ. ನಮ್ಮ ಹಿರಿಯರು ಅರಿಸಿನವನ್ನು ಹಾಲಿಗೆ ಹಾಕಿ, ಮೆಣಸು ಕುಟ್ಟಿ ಸೇರಿಸಿ ಕೊಡುತ್ತಿದ್ದುದರ ಮರ್ಮವನ್ನು ವಿಜ್ಞಾನವೂ ಕೊನೆಗೆ ಒಪ್ಪಿಕೊಂಡಂತಾಯಿತು. ಈಗಿನ ಮಕ್ಕಳಿಗೆ ಅದೇ ಮಾತನ್ನು ಇಂಗ್ಲಿಷಿನಲ್ಲಿ, ಡಬ್ಬಿಯಲ್ಲಿ ಹಾಕಿ ಹೇಳಬೇಕು.

ರಘು, 7:05: ಚಿಕ್ಕಮ್ಮ, ಇದರ ಮೂಲ ಯಾವುದೆಂದು ಕೇಳಬಹುದೇ? ಆ 2000 ಎಂಬ ಸಂಖ್ಯೆ ನ್ಯಾನೋ ಕಣದ್ದೇ ಅಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟು ಅಳೆದಾಗ ಬಂದ ಏರಿಕೆ ಅದು. ಇಲಿಗಳಲ್ಲಿ ಅದು ಶೇಕಡಾ 154 ಮಾತ್ರ ಇತ್ತು. ಕರ್ಕ್ಯುಮಿನ್ ಒಂದನ್ನೇ ನುಂಗಿದವರ ರಕ್ತದಲ್ಲಿ ಅದು ಅಳತೆಗೂ ಸಿಗದಷ್ಟು ಅಲ್ಪವಾಗಿರುತ್ತದೆ. ಹತ್ತು ಪೈಸೆಗೆ ಅದರ ಇಪ್ಪತ್ತು ಪಟ್ಟು ಸೇರಿಸಿದರೆ ಎರಡು ರೂಪಾಯಿ ಹತ್ತು ಪೈಸೆ ಆಗುತ್ತದೆಯೇ ಹೊರತು ಎರಡು ಲಕ್ಷ ಆಗುವುದಿಲ್ಲ.

ಸುಮಾ ಚಿಕ್ಕಮ್ಮ, 7:09: ಹೋದ ವರ್ಷ ನೀನು ‘ಬ್ಯಾಂಕಿಗೆ ಐದು ದಿನ ರಜೆ’ ಎಂದು ಕಳುಹಿಸಿದಾಗ ನಾನು ಮೂಲ ಕೇಳಿರಲಿಲ್ಲ. ಅದನ್ನು ನಂಬಿ ನಿನ್ನ ಚಿಕ್ಕಪ್ಪ ಚೆಕ್ ಹಾಕದೆ ಕುಳಿತರು.

ರಘು, 7:10: ಅದು ತಪ್ಪೆಂದು ಅದೇ ಸಂಜೆ ತಿಳಿಸಿದ್ದೆ.

ಸುಮಾ ಚಿಕ್ಕಮ್ಮ, 7:10: ಬ್ಯಾಂಕ್ ಮುಚ್ಚಿದ ಮೇಲೆ.

ಗೀತಾ, 7:41: ಅರಿಸಿನ ಎಂದ ಕೂಡಲೇ ನನಗೆ ಚಾಮರಾಜನಗರದ ಕಣವೇ ಕಣ್ಣಿಗೆ ಬಂತು. ತಾತ ಕೊಪ್ಪರಿಗೆಯಲ್ಲಿ ಕೊಂಬುಗಳನ್ನು ಬೇಯಿಸುವಾಗ ಅರಿಸಿನದ ಎಲೆಯನ್ನೇ ಮೇಲೆ ಮುಚ್ಚಿ, ಬೆಂದಿದೆಯೇ ಎಂದು ನೋಡಲು ಕಡ್ಡಿ ಚುಚ್ಚುತ್ತಿದ್ದರು. ಅದು ಬೆಣ್ಣೆಯಂತೆ ಇಳಿದರೆ ಮಾತ್ರ ಬೆಂಕಿ ಎಳೆಯುತ್ತಿದ್ದರು. ಆ ಕೊಪ್ಪರಿಗೆ ಈಗ ಯಾರ ಮನೆಯಲ್ಲಿದೆ?

ದೊಡ್ಡಪ್ಪ, 7:44: ಗೀತಾ, ಪಾಲಿನ ದಿನ ಮುಗಿದ ಮಾತನ್ನು ಗುಂಪಿನಲ್ಲಿ ಎತ್ತಬೇಡ.

ಸೌಮ್ಯಾ, 8:20: ನಾನು ಫಾರ್ಮಸಿ ಪಾಠ ಮಾಡುವವಳಾದ್ದರಿಂದ ಇಷ್ಟು ಹೇಳಿಬಿಡುತ್ತೇನೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ. ಒಳಗೆ ಸೇರಿದಷ್ಟನ್ನೂ ಕರುಳಿನ ಗೋಡೆ ಮತ್ತು ಯಕೃತ್ತು ದೇಹದಲ್ಲೇ ಇರುವ ಗ್ಲುಕುರೋನಿಕ್ ಎಂಬ ಆಮ್ಲಕ್ಕೆ ಬೆಸೆದು ಹೊರದೂಡುತ್ತವೆ. ಮೆಣಸು ಆ ಬೆಸುಗೆಯನ್ನು ತಡೆಯುತ್ತದೆ, ಹಾಲಿನ ಕೊಬ್ಬು ಕರಗಲು ನೆರವಾಗುತ್ತದೆ. ಆದರೆ ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ಶೇಕಡಾ 3ರ ಆಸುಪಾಸು ಆದ್ದರಿಂದ ಒಂದು ಚಿಟಿಕೆಯ ಲೆಕ್ಕವೇ ಬೇರೆ. ನ್ಯಾನೋವಾಹಕದಲ್ಲಿ ಅದನ್ನು ಕೊಬ್ಬಿನ ಅಥವಾ ಪಾಲಿಮರಿನ, ಸುಮಾರು 100ರಿಂದ 200 ನ್ಯಾನೋಮೀಟರಿನ ಕಣದೊಳಗೆ ಅಡಗಿಸಿ, ಮೇಲೆ ಕೆಲವರು ಕೈಟೋಸಾನ್ ಲೇಪಿಸುತ್ತಾರೆ. ಧನ ವಿದ್ಯುದಂಶದ ಈ ಲೇಪನ ಋಣ ವಿದ್ಯುದಂಶದ ಕರುಳಿನ ಲೋಳೆಗೆ ಅಂಟಿ ನಿಲ್ಲುವುದರಿಂದ ಔಷಧ ಹೀರಿಕೊಳ್ಳಲು ಹೆಚ್ಚು ಹೊತ್ತು ಸಿಗುತ್ತದೆ. ಅಂಟು ಅತಿಯಾದರೆ ಕಣ ಲೋಳೆಯಲ್ಲೇ ಸಿಕ್ಕಿಕೊಂಡು, ಲೋಳೆ ಕಳಚುವಾಗ ಅದರೊಂದಿಗೇ ಹೊರಟುಹೋಗುತ್ತದೆ. ಇನ್ನೊಂದು ಮಾತು: ರಕ್ತದ ಮಾದರಿಗೆ ಆ ಬೆಸುಗೆ ಬಿಡಿಸುವ ಕಿಣ್ವ ಹಾಕಿ ಅಳೆದರೆ ಬೆಸೆದುಹೋದ ಕರ್ಕ್ಯುಮಿನ್ ಕೂಡ ಲೆಕ್ಕಕ್ಕೆ ಸೇರುತ್ತದೆ, ಜಾಹೀರಾತಿನಲ್ಲಿ ಆ ದೊಡ್ಡ ಸಂಖ್ಯೆಯನ್ನೇ ಅಚ್ಚು ಹಾಕಬಹುದು.

ರಘು, 8:22: ಇದನ್ನೇ ನಾನೂ ಹೇಳಿದ್ದು.

ಸೌಮ್ಯಾ, 8:23: ನೀವು ಪೈಸೆಯ ಲೆಕ್ಕ ಹೇಳಿದಿರಿ.

ದೊಡ್ಡಪ್ಪ, 8:31: ಸೌಮ್ಯಾ, ಬಹಳ ಚೆನ್ನಾಗಿ ಬಿಡಿಸಿ ಹೇಳಿದೆ. ಈ ಕೈಟೋಸಾನ್ ಯಾವ ಗಿಡದ್ದು?

ಸೌಮ್ಯಾ, 8:33: ಗಿಡದ್ದಲ್ಲ ಮಾವ. ಹೆಚ್ಚಾಗಿ ಸಿಗಡಿ ಮತ್ತು ಏಡಿಯ ಚಿಪ್ಪಿನಿಂದ ತೆಗೆಯುತ್ತಾರೆ.

(ಹತ್ತು ನಿಮಿಷ ಯಾರೂ ಏನನ್ನೂ ಬರೆಯಲಿಲ್ಲ.)

ದೊಡ್ಡಪ್ಪ, 8:43: ಸುಮಾ, ನೀನು ಶುಕ್ರವಾರ ಕೊಟ್ಟುಹೋದ ಡಬ್ಬಿ ಇದೇ ಏನಮ್ಮಾ?

ಸುಮಾ ಚಿಕ್ಕಮ್ಮ, 8:45: ಭಾವ, ನಿಮ್ಮ ಮಂಡಿಗೆಂದು ಪ್ರೀತಿಯಿಂದ ತಂದದ್ದು. ನನಗೆ ಸಿಗಡಿಯ ಸಂಗತಿ ಹೇಗೆ ಗೊತ್ತಿರಬೇಕು?

ರಘು, 8:46: ಶಿಲೀಂಧ್ರದಿಂದ ತೆಗೆದ ಕೈಟೋಸಾನ್ ಕೂಡ ಇರುತ್ತದೆ ದೊಡ್ಡಪ್ಪ. ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿ.

ದೊಡ್ಡಪ್ಪ, 8:52: ಕನ್ನಡಕ ಹಾಕಿಕೊಂಡು ನೋಡಿದೆ. ಚುಕ್ಕೆ ಇರಬೇಕಾದ ಮೂಲೆಗೆ ಅಂಗಡಿಯವನು ಬೆಲೆಯ ಚೀಟಿ ಅಂಟಿಸಿದ್ದಾನೆ, ಕಿತ್ತರೆ ಕೆಳಗಿನ ಅಚ್ಚೂ ಎದ್ದು ಬರುತ್ತಿದೆ.

ಸೌಮ್ಯಾ, 8:55: ಮಾವ, ಚುಕ್ಕೆಗಿಂತ ಮೊದಲು ಇದನ್ನು ನೋಡಿ: ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಇದನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. 2019ರಲ್ಲಿ ಇಟಲಿಯಲ್ಲಿ ಇಂಥ ಅರಿಸಿನದ ಪೂರಕಗಳನ್ನು ಸೇವಿಸಿದ ಹಲವರಿಗೆ ಯಕೃತ್ತಿನ ಉರಿಯೂತ ಬಂದಿತ್ತು. ಸಾರಿಗೆ ಹಾಕುವ ಅರಿಸಿನಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಎಷ್ಟು ನುಂಗಿದ್ದೀರಿ?

ದೊಡ್ಡಪ್ಪ, 9:01: ನಾಲ್ಕು. ಹಾಲಿನ ಜೊತೆ.

ಸುಮಾ ಚಿಕ್ಕಮ್ಮ, 9:02: ಉಳಿದ ಇಪ್ಪತ್ತಾರನ್ನು ಹಿಂದಿರುಗಿಸಿ, ಭಾವ. ಬಿಲ್ಲು ನನ್ನ ಹತ್ತಿರವೇ ಇದೆ.

ಗೀತಾ, 9:15: ಕೊಪ್ಪರಿಗೆಯ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ.