ಹಾಡುವಾಗ ದನಿ ತಡವಾಗಿ ಕೇಳುತ್ತಿದೆ: ಆಡಾಸಿಟಿ ಬಿಟ್ಟು ಯಾವುದಕ್ಕೆ ಹೋಗಲಿ?

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪ್, ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್ ಇವೆ. ಮೊದಲು ಗಿಟಾರ್, ಅದರ ಮೇಲೆ ಹಾಡು ರೆಕಾರ್ಡ್ ಮಾಡುತ್ತೇನೆ. ಹಾಡುವಾಗ ನನ್ನದೇ ದನಿ ಹೆಡ್‌ಫೋನಿನಲ್ಲಿ ತಡವಾಗಿ ಬರುತ್ತದೆ. ಮುಗಿಸಿ ಕೇಳಿದರೆ ಹಾಡು ಗಿಟಾರಿಗಿಂತ ಹಿಂದೆ ಬಿದ್ದಿರುತ್ತದೆ. ಬಳಸುತ್ತಿರುವುದು ಆಡಾಸಿಟಿ 3 ಎಂಬ ರೆಕಾರ್ಡಿಂಗ್ ಪ್ರೋಗ್ರಾಂ. ರೀಪರ್, ಕ್ಯೂಬೇಸ್, ಪ್ರೊ ಟೂಲ್ಸ್, ಇವುಗಳಲ್ಲಿ ಯಾವುದನ್ನು ಹಿಡಿದರೆ ಈ ಕಾಟ ತಪ್ಪುತ್ತದೆ? ದನಿಯ ಗುಣಮಟ್ಟ ಯಾವುದರಲ್ಲಿ ಚೆನ್ನ?

ಉತ್ತರ: ತಡವಾಗಿ ಕೇಳುವುದೇ ಬೇರೆ, ಹಿಂದೆ ಬೀಳುವುದೇ ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಇಂಟರ್‌ಫೇಸಿನಲ್ಲಿ ‘ಡೈರೆಕ್ಟ್ ಮಾನಿಟರ್’ ಗುಂಡಿಯಿದ್ದರೆ ಅದನ್ನು ಒತ್ತಿ, ಆಡಾಸಿಟಿಯೊಳಗಿನ ಮಾನಿಟರಿಂಗ್ ಆಯ್ಕೆಯನ್ನು ತೆಗೆಯಿರಿ. ಮೈಕಿನ ದನಿ ಕಂಪ್ಯೂಟರನ್ನು ಸುತ್ತಿ ಬರದೆ ನೇರವಾಗಿ ಕಿವಿಗೆ ಬರುತ್ತದೆ. ಮೊದಲ ತೊಂದರೆ ಅಲ್ಲಿಗೇ ಮುಗಿಯಿತು.

ಎರಡನೆಯದಕ್ಕೆ ಸ್ವಲ್ಪ ತಾಳ್ಮೆ ಬೇಕು. ಒಂದು ಟ್ರ್ಯಾಕಿನಲ್ಲಿ ‘ಟಕ್ ಟಕ್’ ಎನ್ನುವ ಲಯದ ಸದ್ದು ಹಾಕಿ, ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು ಅದನ್ನೇ ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಅಲೆಯನ್ನು ಹಿಗ್ಗಿಸಿ ನೋಡಿದರೆ ಎರಡು ಟಕ್‌ಗಳ ನಡುವಿನ ಅಂತರ ಕಣ್ಣಿಗೇ ಕಾಣುತ್ತದೆ. ಪ್ರಿಫರೆನ್ಸಸ್‌ನಲ್ಲಿ ‘ಲೇಟೆನ್ಸಿ ಕಾಂಪೆನ್ಸೇಷನ್’, ಅಂದರೆ ರೆಕಾರ್ಡ್ ಆದದ್ದನ್ನು ಎಷ್ಟು ಮುಂಚೆಗೆ ಸರಿಸಬೇಕು ಎನ್ನುವ ಅಂಕಿ, ಮೊದಲಿಗೆ ಮೈನಸ್ 130 ಮಿಲಿಸೆಕೆಂಡ್ ಇರುತ್ತದೆ. ಹೊಸ ಟಕ್ 40 ಮಿಲಿಸೆಕೆಂಡ್ ತಡವಾಗಿದ್ದರೆ ಅದನ್ನು ಮೈನಸ್ 170 ಮಾಡಿ, ಮತ್ತೆ ಅಳೆಯಿರಿ.

ಗುಣಮಟ್ಟದ ಚಿಂತೆ ಬಿಡಿ. ಒಂದೇ ಡ್ರೈವರ್, ಒಂದೇ ಮೈಕ್, ಒಂದೇ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಎಂಬುದು) ಇದ್ದಾಗ ಯಾವ ಪ್ರೋಗ್ರಾಂ ರೆಕಾರ್ಡ್ ಮಾಡಿದರೂ ದನಿ ಅದೇ.

ಮರುಪ್ರಶ್ನೆ: ಅಂತರ ಸರಿಹೋಯಿತು, ಧನ್ಯವಾದಗಳು. ಆದರೆ ಹಾಡುವಾಗ ಕಿವಿಯಲ್ಲಿ ಸ್ವಲ್ಪ ರಿವರ್ಬ್ (ದೊಡ್ಡ ಕೋಣೆಯಲ್ಲಿ ಹಾಡಿದಂಥ ಗುಂಗು) ಬೇಕು. ಒಂದೇ ಸಾಲನ್ನು ಹಲವು ಸಲ ಹಾಡಿ ಒಳ್ಳೆಯದನ್ನು ಆರಿಸಿಕೊಳ್ಳಲೂ ಬೇಕು.

ಉತ್ತರ: ಹಾಗಿದ್ದರೆ ಪ್ರೋಗ್ರಾಂ ಬದಲಿಸಲು ನಿಜವಾದ ಕಾರಣವಿದೆ. ರಿವರ್ಬ್ ಬೆರೆಸಲು ದನಿ ಕಂಪ್ಯೂಟರಿನೊಳಗೆ ಹೋಗಿಯೇ ಬರಬೇಕು. ವಿಂಡೋಸಿನಲ್ಲಿ ಅದು ಬೇಗ ಆಗಬೇಕಾದರೆ ಆಸಿಯೋ (ASIO) ಡ್ರೈವರ್, ಅಂದರೆ ಇಂಟರ್‌ಫೇಸಿಗೂ ಪ್ರೋಗ್ರಾಂಗೂ ನಡುವೆ ದನಿಯನ್ನು ಬೇಗ ಸಾಗಿಸುವ ತಂತ್ರಾಂಶ ಬೇಕು. ಆಡಾಸಿಟಿ 3ರ ಸಿದ್ಧ ಆವೃತ್ತಿಗಳಲ್ಲಿ ಅದಕ್ಕೆ ಬೆಂಬಲವಿಲ್ಲ. 48,000 ಹರ್ಟ್ಸ್‌ನಲ್ಲಿ 1024 ಸ್ಯಾಂಪಲ್‌ಗಳ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕು) ಎಂದರೆ ಒಂದು ದಿಕ್ಕಿಗೇ ಸುಮಾರು 21 ಮಿಲಿಸೆಕೆಂಡ್, 128 ಆದರೆ 3ಕ್ಕಿಂತ ಕಡಿಮೆ. ಹಾಡುವಾಗ 128 ಇಡಿ, ಚಟಪಟ ಸದ್ದು ಬಂದರೆ 256ಕ್ಕೆ ಏರಿಸಿ. ಮಿಕ್ಸ್ ಮಾಡುವಾಗ 1024 ಇದ್ದರೂ ತೊಂದರೆಯಿಲ್ಲ.

ನಿಮ್ಮ ಕೆಲಸಕ್ಕೆ ನಾನು ರೀಪರ್ ಎನ್ನುತ್ತೇನೆ. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. 7ನೇ ಆವೃತ್ತಿಯಲ್ಲಿ ಟೇಕ್‌ಗಳು, ಅಂದರೆ ಒಂದೇ ಸಾಲನ್ನು ಹಾಡಿದ ಪ್ರತಿ ಸಲದ ರೆಕಾರ್ಡಿಂಗ್‌ಗಳು, ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತವೆ. ಬೇಕಾದ ತುಣುಕಿನ ಮೇಲೆ ಮೌಸ್ ಎಳೆದರೆ ಅದು ಹಾಡಿಗೆ ಸೇರುತ್ತದೆ. ಕ್ಯೂಬೇಸಿನಲ್ಲೂ ಇದು ಸೊಗಸಾಗಿಯೇ ಆಗುತ್ತದೆ. ನಿಮ್ಮ ಇಂಟರ್‌ಫೇಸ್ ಜೊತೆ ಅದರ ಚಿಕ್ಕ ಆವೃತ್ತಿ ಬಂದಿದ್ದರೆ ಮೊದಲು ಅದನ್ನೇ ತೆರೆದು ನೋಡಿ. ಬೇರೆ ಸ್ಟುಡಿಯೋಗಳೊಂದಿಗೆ ಸೆಷನ್ (ಹಾಡಿನ ಕೆಲಸದ ಕಡತ) ಹಂಚಿಕೊಳ್ಳುವುದಿಲ್ಲವಾದರೆ ಪ್ರೊ ಟೂಲ್ಸ್ ನಿಮಗೆ ಬೇಕಿಲ್ಲ.

ಹಳೆಯ ಹಾಡುಗಳನ್ನು ಸಾಗಿಸುವಾಗ ಪ್ರತಿ ಟ್ರ್ಯಾಕನ್ನೂ ಸೊನ್ನೆಯಿಂದಲೇ ಆರಂಭವಾಗುವಂತೆ 24 ಬಿಟ್ ವೇವ್ ಕಡತವಾಗಿ ಹೊರತೆಗೆಯಿರಿ. ರೀಪರಿನಲ್ಲಿ ಎಲ್ಲವನ್ನೂ ಸೊನ್ನೆಯಲ್ಲೇ ಇಟ್ಟರೆ ತಾನಾಗಿ ಹೊಂದಿಕೊಳ್ಳುತ್ತವೆ.