ಮಗಳ ಹಲ್ಲಿಗೆ ಈಗಲೇ ಕ್ಲಿಪ್ ಬೇಕಾ?

ಕಲಬುರಗಿ ತಾಯಿ: ಮಗಳಿಗೆ 8 ವರ್ಷ. ಮೇಲಿನ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿಟ್ಟಿದೆ. ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ ಅಂತ ಬಾಯಿ ಮುಚ್ಚಿಕೊಂಡೇ ನಗುತ್ತಾಳೆ, ನೋಡಿದರೆ ಕರುಳು ಚುರ್ ಅನ್ನುತ್ತದೆ. ಈಗಲೇ ಕ್ಲಿಪ್ ಹಾಕಿಸಬೇಕಾ?

ಉತ್ತರ: ಗಾಬರಿ ಬೇಡ ಅಕ್ಕಾ. ಈ ವಯಸ್ಸಿಗೆ ಆ ಸಂದು ಸಾಮಾನ್ಯ, 11-12ರ ಹೊತ್ತಿಗೆ ಕೋರೆ ಹಲ್ಲು ಬಂದಾಗ ಎಷ್ಟೋ ಮಕ್ಕಳಿಗೆ ತಾನಾಗೇ ಮುಚ್ಚಿಕೊಳ್ಳುತ್ತದೆ. ನನ್ನ ಮಗನಿಗೂ ಹಾಗೇ ಆಯ್ತು. ಆದರೆ ಕಚ್ಚಿದಾಗ ಮೇಲಿನ ಹಲ್ಲು ಕೆಳಗಿನದರ ಹಿಂದೆ ಹೋಗುತ್ತಿದ್ದರೆ, ಇಲ್ಲ ಇನ್ನೂ ಬೆರಳು ಚೀಪುತ್ತಿದ್ದರೆ ಕಾಯಬೇಡಿ.

ಇನ್ನೊಬ್ಬರು: ಸುಮ್ನೆ ಊಹೆ ಯಾಕೆ? ಹಲ್ಲಿನ ಸಾಲು ಸರಿಮಾಡುವ ಡಾಕ್ಟರ್, ಅಂದ್ರೆ ಆರ್ಥೋಡಾಂಟಿಸ್ಟ್‌ಗೇ ತೋರಿಸಿ. ಊರಲ್ಲೇ ಡೆಂಟಲ್ ಕಾಲೇಜುಗಳಿವೆ ಅಲ್ವಾ. ಎಕ್ಸ್‌ರೇಯಲ್ಲಿ ಇನ್ನೂ ಹೊರಗೆ ಬರದ ಒಳಗಿನ ಹಲ್ಲೂ ಕಾಣುತ್ತದೆ. ತೋರಿಸಿದ ಕೂಡಲೇ ಕ್ಲಿಪ್ ಹಾಕಿಸಲೇಬೇಕು ಅಂತೇನಿಲ್ಲ.

ಕಲಬುರಗಿ ತಾಯಿ: ಬೆರಳು ಚೀಪಲ್ಲ ಅಣ್ಣಾ. ಸೋಮವಾರ ಕರೆದುಕೊಂಡು ಹೋಗುತ್ತೇನೆ.